ಪಂಡಿತಾ ರಮಾಬಾಯಿ: ತಿರಸ್ಕಾರದ ನಡುವೆ ಒಂದು ವಿಶ್ವಾಸ



‘ತಿರಸ್ಕಾರ ಮತ್ತು ಕ್ರೈಸ್ತ ವಿಶ್ವಾಸ’ ಎಂಬ ವಿಷಯವನ್ನು ಈ ದತ್ತಿ ಉಪನ್ಯಾಸಕ್ಕಾಗಿ ನನಗೆ ಒಪ್ಪಿಸಿದ್ದೀರಿ. ಸತ್ಯವೇದದ ವಾಕ್ಯಗಳನ್ನು ಒಂದರ ಹಿಂದೆ ಒಂದು ಪೋಣಿಸಿ ಈ ಒಂದು ಗಂಟೆಯನ್ನು ತುಂಬಿಸುವುದು ಕಷ್ಟವೇನಲ್ಲ. ಆದರೆ ತಿರಸ್ಕಾರವನ್ನು ಉಂಡವರಿಗೆ ವಾಕ್ಯಗಳ ಪಟ್ಟಿ ಎಷ್ಟು ಹಗುರವಾಗಿ ಕೇಳಿಸುತ್ತದೆ ಎಂಬುದನ್ನು ಸಭೆಯ ಒಳಗೇ ಬೆಳೆದ ನಾನು ನೋಡಿದ್ದೇನೆ. ಜಾತಿ ಬಿಟ್ಟು ಮದುವೆಯಾದ ಮಗಳಿಗೆ ತವರಿನ ಬಾಗಿಲು ಮುಚ್ಚಿದಾಗ, ಗಂಡ ಬಿಟ್ಟುಹೋದ ಹೆಂಗಸು ಭಾನುವಾರದ ಆರಾಧನೆಗೆ ಬಂದು ಕೊನೆಯ ಬೆಂಚಿನಲ್ಲಿ ಕೂತಾಗ ನಾವು ಹೇಳುವ ಮಾತು ಸಿದ್ಧವಾಗಿರುತ್ತದೆ: ‘ಎಲ್ಲ ದೇವರ ಚಿತ್ತ, ಪ್ರಾರ್ಥನೆ ಮಾಡಿ.’ ಮಾತು ಸುಳ್ಳಲ್ಲ. ಆದರೆ ಹೇಳಿದವರು ಅಲ್ಲಿಗೆ ತಮ್ಮ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ.

ಆದ್ದರಿಂದ ಇಂದು ಒಬ್ಬ ಹೆಣ್ಣುಮಗಳ ಬದುಕನ್ನೇ ನಿಮ್ಮ ಮುಂದಿಡುತ್ತೇನೆ. ಆಕೆ ದೂರದವರಲ್ಲ. ಮಂಗಳೂರಿನಿಂದ ಕಾರ್ಕಳ ದಾಟಿ ಮಾಳದ ಘಾಟಿ ಹತ್ತಿದರೆ ಸಿಗುವ ಗಂಗಾಮೂಲದ ಕಾಡಿನಲ್ಲಿ, ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಆ ಸೀಮೆಯಲ್ಲಿ, 1858ರ ಏಪ್ರಿಲ್ 23ರಂದು ಹುಟ್ಟಿದವರು. ಮರಾಠಿಗರು ಅವರನ್ನು ತಮ್ಮವರೆಂದು ಬಲ್ಲರು, ಅದು ಸರಿಯೇ. ಆದರೆ ಕನ್ನಡ ನಾಡು ಪಂಡಿತಾ ರಮಾಬಾಯಿಯವರನ್ನು ತನ್ನ ಮಗಳೆಂದು ನೆನೆದದ್ದು ಕಡಿಮೆ.

ತಿರಸ್ಕಾರದ ಕತೆ ಅವರ ತಂದೆಯಿಂದಲೇ ಶುರುವಾಗುತ್ತದೆ. ಅನಂತಶಾಸ್ತ್ರಿ ಡೋಂಗ್ರೆಯವರು ಮಾಳದ ಚಿತ್ಪಾವನ ಬ್ರಾಹ್ಮಣರು. ಪುಣೆಯಲ್ಲಿ ಓದುವಾಗ ತಮ್ಮ ಗುರುಗಳು ಪೇಶ್ವೆಯ ಪತ್ನಿಗೆ ಸಂಸ್ಕೃತ ಕಲಿಸುವುದನ್ನು ಕಂಡು, ತಾವೂ ಹೆಂಡತಿಗೆ ಕಲಿಸಬೇಕೆಂದು ನಿಶ್ಚಯಿಸಿಕೊಂಡರು. ಎರಡನೆಯ ಮದುವೆಯಲ್ಲಿ ಹೆಂಡತಿಯಾಗಿ ಬಂದ ಲಕ್ಷ್ಮೀಬಾಯಿಗೆ ಆಗ ಒಂಬತ್ತು ವರ್ಷ, ಶಾಸ್ತ್ರಿಗಳಿಗೆ ನಲವತ್ತು ದಾಟಿತ್ತು. ಅಂದಿನ ಪದ್ಧತಿ ಅದು, ಇಂದು ನಮ್ಮ ಮನಸ್ಸು ಒಪ್ಪುವುದಿಲ್ಲ. ಆದರೂ ಆ ಬಾಲೆಗೆ ಅವರು ಸಂಸ್ಕೃತ ಕಲಿಸಿದರು. ಮನೆಯವರು ವಿರೋಧಿಸಿದರು, ಊರು ವಿರೋಧಿಸಿತು, ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು, ಸ್ತ್ರೀಯರು ಸಂಸ್ಕೃತ ಕಲಿಯಲು ಶಾಸ್ತ್ರದ ಅಡ್ಡಿಯಿಲ್ಲ ಎಂದು ವಾದಿಸಬೇಕಾಯಿತು. ಕೊನೆಗೆ ಊರು ಬಿಟ್ಟು ಗಂಗಾಮೂಲದ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡರು. ಅಲ್ಲಿಯೂ ನೆಲೆ ನಿಲ್ಲಲಿಲ್ಲ. ಆರು ತಿಂಗಳ ರಮೆಯನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು, ಆಳಿನ ತಲೆಯ ಮೇಲೆ ಹೊರಿಸಿಕೊಂಡು ಕುಟುಂಬ ಘಾಟಿ ಇಳಿಯಿತು. ಅಲ್ಲಿಂದ ಮುಂದೆ ವರ್ಷಗಟ್ಟಲೆ ತೀರ್ಥಕ್ಷೇತ್ರಗಳ ಅಲೆದಾಟ. ಪುರಾಣ ಓದಿ ಹೇಳಿ ಬಂದ ಕಾಣಿಕೆಯೇ ಅವರ ಜೀವನ.

1870ರ ದಶಕದ ಕ್ಷಾಮ ಅವರನ್ನು ಹಿಡಿದದ್ದು ದಕ್ಷಿಣದಲ್ಲಿ. 1874ರಲ್ಲಿ ತಂದೆ ಹಸಿವಿನಿಂದ ನಿತ್ರಾಣರಾಗಿ ತೀರಿಕೊಂಡರು. ತಾಯಿಯ ಕೊನೆ ರಾಯಚೂರಿನಲ್ಲಿ. ಜ್ವರದ ಕನವರಿಕೆಯಲ್ಲಿ ತಾಯಿ ಊಟ ಬೇಡುತ್ತಿದ್ದರು, ಮನೆಯಲ್ಲಿ ಏನೂ ಇರಲಿಲ್ಲ. ಹದಿನಾರರ ಹುಡುಗಿ ನೆರೆಮನೆಯ ಬಾಗಿಲಿಗೆ ಒಂದು ತುಂಡು ಸಜ್ಜೆ ರೊಟ್ಟಿ ಕೇಳಲು ಹೋದಳು. ಬಾಯಿ ಬರಲಿಲ್ಲ, ಕಣ್ಣೀರು ಮಾತ್ರ ಬಂತು. ಆ ಮನೆಯಾಕೆ ಅರ್ಥ ಮಾಡಿಕೊಂಡು ರೊಟ್ಟಿ ಕೊಟ್ಟರು. ಆದರೆ ತಾಯಿ ಉಳಿಯಲಿಲ್ಲ. ಶವ ಹೊರಲು ಊರಿನ ಬ್ರಾಹ್ಮಣರು ಮುಂದೆ ಬರಲಿಲ್ಲ. ಇಬ್ಬರು ಮಾತ್ರ ಕನಿಕರಪಟ್ಟರು. ಅಣ್ಣ ಶ್ರೀನಿವಾಸನ ಜೊತೆಗೆ ರಮೆಯೂ ಚಟ್ಟಕ್ಕೆ ಹೆಗಲು ಕೊಡಬೇಕಾಯಿತು. ಕುಳ್ಳಗಿದ್ದ ಕಾರಣ ಭಾರವನ್ನು ತಲೆಯ ಮೇಲೆ ಹೊತ್ತು ಸ್ಮಶಾನಕ್ಕೆ ನಡೆದಳು. ಅಕ್ಕನೂ ಕೆಲ ಸಮಯದಲ್ಲೇ ತೀರಿಕೊಂಡಳು. ಉಳಿದ ಅಣ್ಣ ತಂಗಿ ಕಾಲ್ನಡಿಗೆಯಲ್ಲಿ ಉತ್ತರಕ್ಕೆ ಹೊರಟರು. ಹೊದೆಯಲು ಬಟ್ಟೆಯಿಲ್ಲದೆ ಝೇಲಂ ನದಿಯ ದಂಡೆಯಲ್ಲಿ ಮರಳಿನಲ್ಲಿ ಹೊಂಡ ತೋಡಿ, ಮೈಮೇಲೆ ಒಣ ಮರಳು ಎಳೆದುಕೊಂಡು ರಾತ್ರಿ ಕಳೆದರು. ಇದೆಲ್ಲವನ್ನೂ ಮುಂದೆ ರಮಾಬಾಯಿಯವರೇ ಬರೆದಿದ್ದಾರೆ. ಅಲ್ಲಿ ಗೋಳಾಟವಿಲ್ಲ, ನಡೆದದ್ದನ್ನು ನಡೆದಂತೆ ಹೇಳುತ್ತಾರೆ.

ಕಲಕತ್ತೆಯಲ್ಲಿ ಕೆಲಕಾಲ ಬೆಳಕು ಕಂಡಿತು. 1878ರಲ್ಲಿ ಅಲ್ಲಿನ ವಿದ್ವಾಂಸರು ಅವರನ್ನು ಪರೀಕ್ಷಿಸಿ ‘ಪಂಡಿತಾ’ ಮತ್ತು ‘ಸರಸ್ವತಿ’ ಎಂಬ ಬಿರುದುಗಳನ್ನು ಕೊಟ್ಟರು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬಿಪಿನ್ ಬಿಹಾರಿ ದಾಸ್ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಅವರು ಮದುವೆಯಾದರು. ವರ ಬ್ರಾಹ್ಮಣರಲ್ಲ, ಪ್ರಾಂತ ಬೇರೆ, ಭಾಷೆ ಬೇರೆ, ಮದುವೆ ನೋಂದಣಿಯದು. ಎರಡೂ ಕಡೆಯ ಸಮಾಜ ಅವರನ್ನು ದೂರವಿಟ್ಟಿತು. ಮಗಳು ಮನೋರಮಾ ಹುಟ್ಟಿ ವರ್ಷ ತುಂಬುವ ಮೊದಲೇ, 1882ರ ಫೆಬ್ರವರಿಯಲ್ಲಿ, ಗಂಡ ಕಾಲರಾದಿಂದ ತೀರಿಕೊಂಡರು. ಇಪ್ಪತ್ತಮೂರನೆಯ ವಯಸ್ಸಿಗೆ ವಿಧವೆ. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಯಾರೂ ಉಳಿದಿರಲಿಲ್ಲ.

ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಶಿಕ್ಷಣ ಕುರಿತ ಹಂಟರ್ ಆಯೋಗದ ಮುಂದೆ ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಸಾಕ್ಷ್ಯ ನುಡಿದರು. 1883ರಲ್ಲಿ ತಾವೇ ವೈದ್ಯಕೀಯ ಓದಲು ಇಂಗ್ಲೆಂಡಿಗೆ ಹೋದರು. ಆದರೆ ಅವರ ಕಿವಿ ಮಂದವಾಗುತ್ತಿತ್ತು, ವೈದ್ಯಕೀಯದ ಆಸೆ ಅಲ್ಲಿಗೇ ನಿಂತಿತು. ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸಿಸ್ಟರ್‌ಗಳ ಮಠದಲ್ಲಿದ್ದಾಗ ಜೊತೆಗೆ ಬಂದಿದ್ದ ಗೆಳತಿ ಆನಂದಿಬಾಯಿ ಭಗತ್ ತನ್ನ ಕೈಯಾರೆ ಪ್ರಾಣ ಕಳೆದುಕೊಂಡಳು. ಅದೇ ವರ್ಷದ ಸೆಪ್ಟೆಂಬರ್ 29ರಂದು ರಮಾಬಾಯಿಯೂ ಪುಟ್ಟ ಮಗಳೂ ದೀಕ್ಷಾಸ್ನಾನ ಪಡೆದರು.

ಏಕೆ ಕ್ರೈಸ್ತರಾದರು? ಪುಣೆಯಲ್ಲಿ ನೂರು ಊಹೆ ಎದ್ದವು. ಅವರು ಸ್ವತಃ ಹೇಳುವ ಕಾರಣದ ಮೇಲೆ ನನ್ನ ಇಡೀ ಉಪನ್ಯಾಸ ನಿಂತಿದೆ. ಲಂಡನ್ನಿನ ಫುಲ್ಹ್ಯಾಮ್‌ನಲ್ಲಿ ಆ ಸಿಸ್ಟರ್‌ಗಳು ನಡೆಸುತ್ತಿದ್ದ ಒಂದು ಆಶ್ರಯಧಾಮವನ್ನು ಅವರು ನೋಡಿದರು. ಸಮಾಜ ‘ಕೆಟ್ಟವರು’ ಎಂದು ಹೊರಗಟ್ಟಿದ ಹೆಂಗಸರು ಅಲ್ಲಿದ್ದರು. ಬದಲಾದ ಕೆಲವರು ಈಗ ರೋಗಿಗಳ ಸೇವೆ ಮಾಡುತ್ತಿದ್ದರು. ಇಂಥವರನ್ನು ಇಷ್ಟು ಪ್ರೀತಿಯಿಂದ ನೋಡಿಕೊಳ್ಳುವುದೇಕೆ ಎಂದು ರಮಾಬಾಯಿ ಕೇಳಿದಾಗ ಸಿಸ್ಟರ್ ಒಬ್ಬರು ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯ ತೆರೆದು ಓದಿದರು: ಸಮಾರ್ಯದ ಸ್ತ್ರೀಯ ಪ್ರಸಂಗ.

ಈ ಪ್ರಸಂಗವನ್ನು ನಾವು ಚಿಕ್ಕಂದಿನಿಂದ ಸಂಡೆ ಸ್ಕೂಲಿನಲ್ಲಿ ಕೇಳಿದ್ದೇವೆ, ಕೇಳಿ ಕೇಳಿ ಅದರ ಬಿಸಿ ನಮಗೆ ತಟ್ಟದಂತಾಗಿದೆ. ಯೆಹೂದ್ಯರು ಸಮಾರ್ಯದವರನ್ನು ಮುಟ್ಟುತ್ತಿರಲಿಲ್ಲ, ಅವರ ಪಾತ್ರೆಯಲ್ಲಿ ನೀರು ಕುಡಿಯುತ್ತಿರಲಿಲ್ಲ. ಐವರು ಗಂಡಂದಿರನ್ನು ಕಂಡ ಈಕೆಯನ್ನು ಸ್ವಂತ ಊರೂ ಹತ್ತಿರ ಸೇರಿಸಿರಲಿಕ್ಕಿಲ್ಲ. ನಡುಮಧ್ಯಾಹ್ನದ ಬಿಸಿಲಲ್ಲಿ ಒಬ್ಬಳೇ ಬಾವಿಗೆ ಬರುತ್ತಾಳೆ. ಅಲ್ಲಿ ಕೂತಿದ್ದ ಯೇಸು ಅವಳಿಗೆ ಮೊದಲು ಏನು ಮಾಡಿದ? ಸಾಂತ್ವನ ಹೇಳಲಿಲ್ಲ, ಉಪದೇಶ ಮಾಡಲಿಲ್ಲ. ಕುಡಿಯಲು ನೀರು ಕೇಳಿದ. ಯಾರ ಕೈಯಿಂದ ಯಾರೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲವೋ ಆ ಹೆಂಗಸಿನ ಮುಂದೆ ಆತ ಬೇಡುವವನಾಗಿ ಕೂತ. ಕತೆಯ ಕೊನೆಯಲ್ಲಿ ಅವಳು ಕೊಡವನ್ನು ಬಾವಿಯ ಬಳಿಯೇ ಬಿಟ್ಟು, ತನ್ನನ್ನು ದೂರವಿಟ್ಟ ಅದೇ ಊರಿನೊಳಕ್ಕೆ ಓಡಿಹೋಗಿ ಅದೇ ಜನರನ್ನು ಕರೆಯುತ್ತಾಳೆ.

ತಿರಸ್ಕೃತರಿಗೆ ಕ್ರೈಸ್ತ ವಿಶ್ವಾಸ ಕೊಡುವುದು ಇದನ್ನು ಎಂದು ನಾನು ತಿಳಿದಿದ್ದೇನೆ. ‘ನಿನ್ನ ನೋವು ದೊಡ್ಡದು’ ಎಂಬ ಕನಿಕರ ಬೇಕು, ಅದಷ್ಟೇ ಸಾಲದು. ‘ನಿನ್ನಿಂದ ನನಗೊಂದು ಕೆಲಸವಾಗಬೇಕು’ ಎಂದು ದೇವರೇ ಬಂದು ಕೇಳುತ್ತಾನೆ ಎಂಬ ನಂಬಿಕೆ ಬಗ್ಗಿದ ಬೆನ್ನನ್ನು ನೆಟ್ಟಗೆ ಮಾಡುತ್ತದೆ. ರಮಾಬಾಯಿ ಆ ಅಧ್ಯಾಯದಲ್ಲಿ ಕಂಡದ್ದನ್ನು ಮುಂದಿನ ನಲವತ್ತು ವರ್ಷ ಮಾಡಿ ತೋರಿಸಿದರು.

ಅಷ್ಟು ಸುಲಭವಾಗಿ ಅಲ್ಲ. ಹಿಂದೂ ಸಮಾಜ ದೂರವಿಟ್ಟಿತು, ಕ್ರೈಸ್ತರು ಎದೆಗಪ್ಪಿಕೊಂಡರು ಎಂದು ಕೆಲವರು ಈ ಕತೆಯನ್ನು ಹೇಳುತ್ತಾರೆ. ಅದು ಅರ್ಧಸತ್ಯ. ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಓದುತ್ತ, ಸಂಸ್ಕೃತ ಕಲಿಸುತ್ತ ಇದ್ದ ಅವರು ಗಂಡಸರಿಗೂ ಪಾಠ ಹೇಳುವ ಮಾತು ಬಂದಾಗ ಭಾರತದಲ್ಲಿದ್ದ ಬಿಷಪ್ಪರೇ ಅಡ್ಡ ಬಂದರು. ತ್ರಯೇಕತ್ವದ ಬಗ್ಗೆ, ಸಭೆಯ ವಿಶ್ವಾಸಪ್ರಮಾಣಗಳ ಬಗ್ಗೆ ಪ್ರಶ್ನೆ ಕೇಳಿದಾಗ ಅವರನ್ನು ಮಗಳಂತೆ ನೋಡಿಕೊಂಡ ಸಿಸ್ಟರ್ ಜೆರಾಲ್ಡೀನ್ ಅವರೇ ಇದು ಅಹಂಕಾರ ಎಂದು ಪತ್ರ ಬರೆದರು. ರಮಾಬಾಯಿ ಮಣಿಯಲಿಲ್ಲ. ಒಂದು ಪುರೋಹಿತವರ್ಗದ ಹಿಡಿತದಿಂದ ಬಿಡಿಸಿಕೊಂಡು ಬಂದದ್ದು ಇನ್ನೊಂದರ ಕೈಕೆಳಗೆ ಬೀಳುವುದಕ್ಕಲ್ಲ ಎಂಬ ಅರ್ಥದಲ್ಲಿ ಉತ್ತರಿಸಿದರು. ಶಿಲುಬೆಯ ಮೇಲಿನ ಬರಹ ಲ್ಯಾಟಿನ್ ಬದಲು ಸಂಸ್ಕೃತದಲ್ಲಿರಬೇಕು ಎಂದು ಹಟ ಹಿಡಿದರು. ಸಸ್ಯಾಹಾರ ಬಿಡಲಿಲ್ಲ, ಸೀರೆ ಬಿಡಲಿಲ್ಲ. ಊರಿನವರು ಮತಭ್ರಷ್ಟೆ ಎಂದರು, ಸಭೆಯವರು ಅವಿಧೇಯಳು ಎಂದರು. ಎರಡೂ ಕಡೆಯಿಂದ ಬಂದ ಈ ಮಾತುಗಳ ನಡುವೆ ಆಕೆ ಹೇಗೆ ನಿಂತರು ಎಂಬುದೇ ನನ್ನನ್ನು ಮತ್ತೆ ಮತ್ತೆ ಅವರ ಪತ್ರಗಳ ಕಡೆಗೆ ಎಳೆಯುತ್ತದೆ.

1886ರಲ್ಲಿ ಬಂಧು ಆನಂದಿಬಾಯಿ ಜೋಶಿ ವೈದ್ಯಪದವಿ ಪಡೆಯುವುದನ್ನು ನೋಡಲು ಅಮೆರಿಕೆಗೆ ಹೋದರು. ಮುಂದಿನ ವರ್ಷ ಮೇಲ್ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಬಾಸ್ಟನ್ನಿನಲ್ಲಿ ರಮಾಬಾಯಿ ಸಂಘ ಹುಟ್ಟಿ, ಹತ್ತು ವರ್ಷ ನೆರವು ನೀಡುವುದಾಗಿ ಒಪ್ಪಿತು. ಆ ಬಲದಿಂದ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ‘ಶಾರದಾ ಸದನ’ ತೆರೆಯಿತು. ಮರುವರ್ಷ ಅದು ಪುಣೆಗೆ ಬಂತು. ಮೊದಲು ಸೇರಿದವರಲ್ಲಿ ಗೋದೂಬಾಯಿ ಎಂಬ ಬಾಲವಿಧವೆ ಇದ್ದಳು. 1893ರಲ್ಲಿ ಅವಳನ್ನು ಮದುವೆಯಾದವರು ಸುಧಾರಕ ಧೋಂಡೋ ಕೇಶವ ಕರ್ವೆ. ಅದಕ್ಕಾಗಿ ಸ್ವಂತ ಊರಾದ ಮುರುಡಿನಲ್ಲಿ ಕರ್ವೆಯವರಿಗೂ ಬಹಿಷ್ಕಾರ ಬಿತ್ತು.

ಶಾರದಾ ಸದನದ ನಿಯಮ ಧಾರ್ಮಿಕ ತಟಸ್ಥತೆ. ಹಿಂದೂ ಹುಡುಗಿಯರು ತಮ್ಮ ಆಚಾರದಂತೆ ಅಲ್ಲಿ ಇರಬಹುದಿತ್ತು. ರಮಾಬಾಯಿ ಮಾತ್ರ ತಮ್ಮ ಕೋಣೆಯಲ್ಲಿ ಪ್ರತಿದಿನ ಬೈಬಲ್ ಓದಿ ಪ್ರಾರ್ಥಿಸುತ್ತಿದ್ದರು. ಕೋಣೆಯ ಬಾಗಿಲು ಹಾಕುತ್ತಿರಲಿಲ್ಲ. ಯಾರನ್ನೂ ಕರೆಯಲಿಲ್ಲ, ಬಂದ ಹುಡುಗಿಯರನ್ನು ಹೊರಗೂ ಕಳಿಸಲಿಲ್ಲ. 1893ರಲ್ಲಿ ಇದು ಸ್ಫೋಟಗೊಂಡಿತು. ಟಿಳಕರ ‘ಕೇಸರಿ’ ಉಗ್ರವಾಗಿ ಬರೆಯಿತು. ರಾನಡೆ ಮತ್ತು ಭಂಡಾರಕರರಂಥ ಸುಧಾರಕರು ಸಂಸ್ಥೆಯ ಸಲಹಾ ಮಂಡಳಿಯಿಂದ ಹೊರನಡೆದರು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಮನೆಯವರು ಕರೆದೊಯ್ದರು.

ಇಲ್ಲಿ ನಾವು ನ್ಯಾಯವಾಗಿ ಮಾತಾಡಬೇಕು. ರಾನಡೆಯವರು ಸಜ್ಜನರು. ತಟಸ್ಥತೆಯ ಮಾತು ಕೊಟ್ಟ ಮೇಲೆ ಪಾಲಕರು ಆತಂಕಪಡುವುದರಲ್ಲಿ ಅರ್ಥವಿತ್ತು. ಎಳೆಯ ಹುಡುಗಿಯರಿಗೆ ತಾಯಿಯಂತಿದ್ದವರು ಸುಮ್ಮನೆ ಪ್ರಾರ್ಥಿಸಿದರೂ ಅದು ಪ್ರಭಾವ ಬೀರುತ್ತದೆ. ಹಾಗೆಯೇ ಸ್ವಂತ ಕೋಣೆಯಲ್ಲಿ ಪ್ರಾರ್ಥಿಸುವುದಕ್ಕೂ ಬಾಗಿಲು ಹಾಕಬೇಕು ಎನ್ನುವುದನ್ನು ಒಪ್ಪದ ರಮಾಬಾಯಿಯ ನಿಲುವಿಗೂ ಅರ್ಥವಿತ್ತು. ನಮ್ಮನ್ನು ತಿರಸ್ಕರಿಸಿದವರು ಯಾವಾಗಲೂ ದುಷ್ಟರಾಗಿರುವುದಿಲ್ಲ. ನೋವಿನ ಬಹುಪಾಲು ಬರುವುದು ಅಲ್ಲಿಂದಲೇ. ದುಷ್ಟರು ದೂಡಿದರೆ ಸಿಟ್ಟು ಬರುತ್ತದೆ. ಒಳ್ಳೆಯವರು ಎದ್ದುಹೋದಾಗ ನಮ್ಮ ಮೇಲೆ ನಮಗೇ ಅನುಮಾನ ಹುಟ್ಟುತ್ತದೆ.

ಆ ಅನುಮಾನ ರಮಾಬಾಯಿಯವರನ್ನು ಮುರಿಯಲಿಲ್ಲ ಎಂಬುದಕ್ಕೆ ಕಾರಣ 1891ರಲ್ಲಿದೆ ಎಂದು ನನಗನಿಸುತ್ತದೆ. ದೀಕ್ಷಾಸ್ನಾನವಾಗಿ ಎಂಟು ವರ್ಷಗಳ ನಂತರ, ವಿಲಿಯಂ ಹ್ಯಾಸ್ಲಂ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕಥನ ಓದಿದಾಗ, ತಾನು ಕ್ರೈಸ್ತಧರ್ಮವನ್ನು ಕಂಡುಕೊಂಡಿದ್ದೇನೆಯೇ ಹೊರತು ಕ್ರಿಸ್ತನನ್ನಲ್ಲ ಎಂದು ಅವರಿಗೆ ಹೊಳೆಯಿತು. ಅಲ್ಲಿಯವರೆಗೆ ವಿಶ್ವಾಸ ಅವರಿಗೆ ಬುದ್ಧಿಯ ಒಪ್ಪಿಗೆಯಾಗಿತ್ತು, ತರ್ಕದಲ್ಲಿ ಗೆದ್ದ ಒಂದು ಮತವಾಗಿತ್ತು. ಆಮೇಲೆ ತಾವು ಯಾವ ಅರ್ಹತೆಯೂ ಇಲ್ಲದೆ, ಇದ್ದ ಹಾಗೆಯೇ ಅಂಗೀಕೃತರು ಎಂಬ ಅರಿವು ಬಂತು. ಆ ಅಂಗೀಕಾರ ಒಳಗೆ ಗಟ್ಟಿಯಾದವರಿಗೆ ಹೊರಗಿನ ಮಂಡಳಿಯ ರಾಜೀನಾಮೆ ನೋವು ಕೊಡುತ್ತದೆ, ನೆಲೆ ತಪ್ಪಿಸುವುದಿಲ್ಲ.

ನೋವು ಇಲ್ಲವೆಂದಲ್ಲ. ಕೆಲವು ಬೋಧಕರು ವಿಶ್ವಾಸಿಗೆ ನೋವೇ ಆಗಬಾರದು ಎಂಬಂತೆ ಮಾತಾಡುತ್ತಾರೆ. ಸತ್ಯವೇದ ಹಾಗೆ ಹೇಳುವುದಿಲ್ಲ. ಎಂಬತ್ತೆಂಟನೆಯ ಕೀರ್ತನೆಯನ್ನು ತೆರೆದು ನೋಡಿ: ಗೆಳೆಯರೆಲ್ಲ ದೂರವಾದವನ ಮೊರೆ ಅದು, ಕೊನೆಯ ಸಾಲಿನಲ್ಲಿಯೂ ಕತ್ತಲೆಯೇ ಇದೆ. ಆದರೂ ಅದನ್ನು ಪ್ರಾರ್ಥನೆಗಳ ಗ್ರಂಥದಿಂದ ಯಾರೂ ತೆಗೆದುಹಾಕಲಿಲ್ಲ. ಯೇಸುವನ್ನು ಸ್ವಂತ ಊರಾದ ನಜರೇತಿನವರೇ ಬೆಟ್ಟದ ಅಂಚಿಗೆ ನೂಕಿಕೊಂಡು ಹೋದರು. ಶಿಲುಬೆಯ ಮೇಲೆ ಆತ, ನನ್ನನ್ನೇಕೆ ಕೈಬಿಟ್ಟೆ ಎಂದು ತಂದೆಯನ್ನು ಕೇಳಿದ. ಈ ದೇವರ ಮುಂದೆ ಅಳುವುದಕ್ಕೆ ನಾಚಿಕೆಪಡಬೇಕಾಗಿಲ್ಲ. ಬಹಿಷ್ಕಾರಕ್ಕೆ ಒಳಗಾದವರು ಮೊದಲು ಅಳಲಿ. ಬೇಗ ನಗಿಸುವ ಅವಸರ ನಮಗೆ ಬೇಡ.

1896ರ ಕೊನೆಗೆ ಮಧ್ಯಪ್ರಾಂತಗಳಲ್ಲಿ ಕ್ಷಾಮ ಬಿತ್ತು. ರಾಯಚೂರಿನ ಹಸಿವನ್ನು ಉಂಡ ಜೀವಕ್ಕೆ ಕುಳಿತಿರಲು ಆಗಲಿಲ್ಲ. ರಮಾಬಾಯಿ ಹೊರಟು, ಕ್ಷಾಮದ ಊರುಗಳಲ್ಲಿ ಅನಾಥರಾಗಿ, ದಲ್ಲಾಳಿಗಳ ಕೈಗೆ ಸಿಗುವ ಅಂಚಿನಲ್ಲಿದ್ದ ನೂರಾರು ಹುಡುಗಿಯರನ್ನು ಕರೆತಂದರು. ಅಮೆರಿಕದ ಹಣ ನಿಂತ ಮೇಲೆ ಸಂಸ್ಥೆಯನ್ನು ಸಾಕಬೇಕೆಂದು ಪುಣೆಯ ಬಳಿಯ ಕೇಡಗಾಂವದಲ್ಲಿ ಹಣ್ಣಿನ ತೋಟಕ್ಕಾಗಿ ಕೊಂಡಿದ್ದ ಜಮೀನಿತ್ತು. ಅಲ್ಲಿ ‘ಮುಕ್ತಿ ಸದನ’ ಎದ್ದಿತು. 1900ರ ಗುಜರಾತ್ ಕ್ಷಾಮದ ನಂತರ ಅಲ್ಲಿದ್ದವರು ಸುಮಾರು 2000 ಮಂದಿ.

ಅಷ್ಟು ಜನರನ್ನು ನೋಡಿಕೊಂಡವರು ಯಾರು? ಶಾರದಾ ಸದನದ ವಿಧವೆಯರು. ನಿನ್ನೆಯವರೆಗೆ ಅಪಶಕುನ ಎನಿಸಿಕೊಂಡು ಮದುವೆಮನೆಯ ಹಿತ್ತಿಲಲ್ಲಿ ನಿಲ್ಲುತ್ತಿದ್ದ ಹುಡುಗಿಯರು ಇಂದು ಹತ್ತು ಹದಿನೈದು ಮಕ್ಕಳ ತಾಯಂದಿರಾದರು. ಹುಣ್ಣು ತೊಳೆದರು, ಹೇನು ತೆಗೆದರು, ಅಕ್ಷರ ಕಲಿಸಿದರು. ಬಂದ ಹುಡುಗಿಯರು ಮಗ್ಗದಲ್ಲಿ ಕೂತರು, ಹೈನು ನೋಡಿಕೊಂಡರು, ಹೊಲದಲ್ಲಿ ದುಡಿದರು, ಮುದ್ರಣಾಲಯದಲ್ಲಿ ಮೊಳೆ ಜೋಡಿಸಿದರು. ಮೋಸಹೋದ ಹೆಂಗಸರಿಗಾಗಿ ‘ಕೃಪಾ ಸದನ’, ವೃದ್ಧೆಯರು ಮತ್ತು ಅಶಕ್ತರಿಗಾಗಿ ‘ಪ್ರೀತಿ ಸದನ’ ಬಂದವು. ಕುರುಡು ಮಕ್ಕಳಿಗೆ ಬ್ರೈಲ್ ಕಲಿಸಲು ಮನೋರಮಾ ತಾವೇ ಮೊದಲು ಅದನ್ನು ಕಲಿತರು. ರಮಾಬಾಯಿ ಅವರಿಗೆಲ್ಲ ಅನ್ನ ಕೊಟ್ಟರು ಎಂಬುದಕ್ಕಿಂತ ಅವರೆಲ್ಲರ ಕೈಯಿಂದ ಕೆಲಸ ಕೇಳಿ ಪಡೆದರು ಎಂಬುದೇ ನನಗೆ ಹೆಚ್ಚಿನದು. ಬಾವಿಯ ಬಳಿ ಕೂತು ನೀರು ಕೇಳಿದವನ ಶಿಷ್ಯೆ ಮಾಡಬೇಕಾದದ್ದೇ ಅದು.

ಕಲಬುರಗಿಗೂ ಈ ಕೆಲಸ ಬಂತು. 1910ರ ದಶಕದಲ್ಲಿ ಮನೋರಮಾ ಅಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ರಮಾಬಾಯಿ ಮಾತ್ರ ಕೊನೆಯ ವರ್ಷಗಳನ್ನು ಒಂದೇ ಕೆಲಸಕ್ಕೆ ಮೀಸಲಿಟ್ಟರು. ಹೀಬ್ರೂ ಮತ್ತು ಗ್ರೀಕ್ ಕಲಿತು, ಓದುಬರಹ ಅಷ್ಟಕ್ಕಷ್ಟೇ ಇದ್ದ ಹೆಂಗಸಿಗೂ ತಿಳಿಯುವ ಮರಾಠಿಯಲ್ಲಿ ಇಡೀ ಬೈಬಲನ್ನು ಅನುವಾದಿಸಿದರು. ತಂದೆ ಕಾಡಿನಲ್ಲಿ ತಾಯಿಗೆ ಸಂಸ್ಕೃತ ಕಲಿಸಲು ಪಟ್ಟ ಪಾಡಿನ ಫಲವದು. 1921ರ ಜುಲೈಯಲ್ಲಿ ಒಬ್ಬಳೇ ಮಗಳು ಮನೋರಮಾ ತೀರಿಕೊಂಡರು. ತಾಯಿ ಕರಡು ತಿದ್ದುವುದನ್ನು ನಿಲ್ಲಿಸಲಿಲ್ಲ. 1922ರ ಏಪ್ರಿಲ್ 5ರಂದು ಅವರೂ ಹೋದರು.

ಸತ್ತ ಮೇಲೂ ಅವರನ್ನು ದೂರವಿಟ್ಟೆವು. ಸಮಾಜ ಸುಧಾರಣೆಯ ಚರಿತ್ರೆಗಳಲ್ಲಿ ಬಹುಕಾಲ ಅವರಿಗೆ ಅಡಿಟಿಪ್ಪಣಿಯ ಜಾಗ ಸಿಕ್ಕಿತು. ಮತಾಂತರಗೊಂಡವರು ಎಂದು ಒಂದು ಕಡೆ, ಯಾವ ಪಂಗಡಕ್ಕೂ ಪೂರ್ತಿ ಸೇರದವರು ಎಂದು ಇನ್ನೊಂದು ಕಡೆ. 1989ರಲ್ಲಿ ಅಂಚೆಚೀಟಿ ಬಂತು. ಆಮೇಲೆ ಮೀರಾ ಕೋಸಂಬಿ, ಉಮಾ ಚಕ್ರವರ್ತಿಯವರಂಥ ವಿದ್ವಾಂಸೆಯರು ಅವರ ಬರಹಗಳನ್ನು ಹುಡುಕಿ ಬೆಳಕಿಗೆ ತಂದರು.

ಈಗ ನಮ್ಮ ವಿಷಯ. ಕ್ರೈಸ್ತ ಸಭೆಯೇ ಜನರನ್ನು ದೂರವಿಡುವ ಜಾಗವಾಗಿಲ್ಲವೇ? ದಕ್ಷಿಣ ಭಾರತದ ಕೆಲವು ಕಡೆ ದಲಿತ ಕ್ರೈಸ್ತರಿಗೆ ಸ್ಮಶಾನವೂ ಬೇರೆ. ಅಲ್ಲಿ ಹೂತ ದೇಹಗಳ ಎದುರು ನಾವು ಅಂಗೀಕಾರದ ಸುವಾರ್ತೆ ಸಾರುವುದು ಹೇಗೆ? ವಿಚ್ಛೇದನವಾದ ಹೆಂಗಸನ್ನು ಸ್ತ್ರೀಯರ ಕೂಟದ ಜವಾಬ್ದಾರಿಗೆ ಆರಿಸಲು ಎಷ್ಟು ಸಭೆಗಳು ತಯಾರಿವೆ? ಜೈಲಿನಿಂದ ಬಂದ ಹುಡುಗನಿಗೆ ಕಾಣಿಕೆ ಎಣಿಸುವ ಕೆಲಸ ಕೊಡಲು ಯಾರು ಒಪ್ಪುತ್ತಾರೆ? ಇವರಿಗಾಗಿ ಪ್ರಾರ್ಥಿಸುತ್ತೇವೆ, ಹಬ್ಬಕ್ಕೆ ಬಟ್ಟೆ ಕೊಡುತ್ತೇವೆ. ಇವರಿಂದ ಏನನ್ನೂ ಕೇಳುವುದಿಲ್ಲ.

ಇಲ್ಲಿ ಸಭೆಗಳ ಹಿರಿಯರಿದ್ದೀರಿ, ಸಭಾಪಾಲಕರಿದ್ದೀರಿ, ಶಾಲೆ ಮತ್ತು ಆಸ್ಪತ್ರೆ ನಡೆಸುವವರಿದ್ದೀರಿ. ನಿಮ್ಮಲ್ಲಿ ನನ್ನ ವಿನಂತಿ ಒಂದೇ. ಕೊನೆಯ ಬೆಂಚಿನಲ್ಲಿ ಕೂತು, ಆಶೀರ್ವಾದ ಮುಗಿದೊಡನೆ ಯಾರ ಕಣ್ಣಿಗೂ ಬೀಳದೆ ಹೊರಟುಹೋಗುವವರು ನಿಮ್ಮ ಸಭೆಯಲ್ಲಿ ಯಾರು ಎಂದು ಗುರುತಿಸಿ. ಅವರ ಮನೆಗೆ ಹೋಗಿ. ಸಾಂತ್ವನದ ಮಾತು ಆಮೇಲಿರಲಿ. ಸಂಡೆ ಸ್ಕೂಲಿನ ಒಂದು ತರಗತಿ, ಗಾಯನ ತಂಡದಲ್ಲಿ ಒಂದು ಜಾಗ, ಆಡಳಿತ ಸಮಿತಿಯಲ್ಲಿ ಒಂದು ಕುರ್ಚಿ, ನಿಮ್ಮ ಆಸ್ಪತ್ರೆಯಲ್ಲಿ ಸಂಬಳದ ಒಂದು ಕೆಲಸ, ಯಾವುದಾದರೂ ಸರಿ, ಇದನ್ನು ನೀವು ಮಾಡಿಕೊಡಬೇಕು ಎಂದು ಅವರನ್ನು ಕೇಳಿ. ಈ ವರ್ಷದ ಆಡಳಿತ ಸಮಿತಿಯ ಚುನಾವಣೆಗೆ ಮುಂಚೆಯೇ ಕೇಳಿ.